ಕಲ್ಲು, ನೀರು, ಬೆಳಕು: ಛಾಯಾಗ್ರಾಹಕ ಲಿನಿಯಸ್ ಟ್ರೈಪ್

ನಂದಿಬೆಟ್ಟದ ನೆತ್ತಿಯಲ್ಲಿ ನಿಂತು ಸೂರ್ಯೋದಯವನ್ನು ಕಾಯುವುದು ಚಿಕ್ಕಬಳ್ಳಾಪುರದ ಕಡೆಯವರಾದ ನಮಗೆ ಹೊಸ ಸಂಗತಿಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಾರ್ಗಶಿರದ ಮುಂಜಾವಿನಲ್ಲಿ ನನ್ನ ತರಗತಿಯ ಹತ್ತಾರು ವಿದ್ಯಾರ್ಥಿಗಳೊಡನೆ ನಾನು ಅಲ್ಲಿದ್ದೆ. ಕೆಳಗೆ ಕಣಿವೆಯ ತುಂಬ ಮಂಜು ಹಾಲುಗಡಲಿನಂತೆ ಹರಡಿತ್ತು. ಅದರ ನಡುವೆ ಸ್ಕಂದಗಿರಿ, ಬ್ರಹ್ಮಗಿರಿಗಳು ನಡುಗಡ್ಡೆಗಳಂತೆ ತಲೆಯೆತ್ತಿದ್ದುವು. ಸೂರ್ಯನ ಮೊದಲ ಕಿರಣ ಮಂಜಿನ ಅಂಚನ್ನು ಸೋಕಿದ ಗಳಿಗೆಯಲ್ಲಿ, ದೂರದ ಒಂದು ಕೆರೆ ಕನ್ನಡಿಯ ಚೂರಿನಂತೆ ಮಿಂಚಿತು. ಎಲ್ಲರೂ ಚಿತ್ರ ತೆಗೆದರು. ನಾನೂ ನನ್ನ ಹಳೆಯ ಕ್ಯಾಮರಾದಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಮೇಲರ್ಧ ಬರಿಯ ಬಿಳುಪು, ಕೆಳಗಿನರ್ಧ ಬರಿಯ ಕಪ್ಪು. ಮಂಜೂ ಇಲ್ಲ, ಕೆರೆಯೂ ಇಲ್ಲ. ಮರುದಿನ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಕಣ್ಣು ಕಂಡದ್ದನ್ನು ಯಂತ್ರವೇಕೆ ಕಾಣಲಿಲ್ಲ, ಇದು ಯಂತ್ರದ ದೋಷವೋ ನಮ್ಮ ದೋಷವೋ ಎಂದು. ಕಾವ್ಯಮೀಮಾಂಸೆಯನ್ನು ಪಾಠ ಹೇಳಿ ಅಭ್ಯಾಸವಾದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ಎದುರಾದವನು ಲಿನಿಯಸ್ ಟ್ರೈಪ್. ಛಾಯಾಚಿತ್ರಣದ ಚರಿತ್ರೆಯನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಪಶ್ಚಿಮದ ದೊಡ್ಡ ವಸ್ತುಸಂಗ್ರಹಾಲಯಗಳು ಆತನ ಚಿತ್ರಗಳನ್ನು ಜೋಪಾನವಾಗಿ ಕಾಪಾಡಿಕೊಂಡಿವೆ. ಆದರೆ ಆತ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದವನು, ಹಳೇಬೀಡು ಬೇಲೂರುಗಳನ್ನು ಕ್ಯಾಮರಾದಿಂದ ಕಂಡ ಮೊದಲಿಗರಲ್ಲಿ ಒಬ್ಬನು ಎಂಬುದು ಕನ್ನಡ ವಾಚಕರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ. ನನಗಂತೂ ತಿಳಿದಿರಲಿಲ್ಲ. ಆದುದರಿಂದಲೇ ಈ ಬರಹ.

ಟ್ರೈಪನು ಹುಟ್ಟಿದ್ದು 1822ರ ಏಪ್ರಿಲ್ ತಿಂಗಳಲ್ಲಿ, ಇಂಗ್ಲೆಂಡಿನ ನೈಋತ್ಯ ತೀರದ ಡೆವನ್‌ಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಶಸ್ತ್ರವೈದ್ಯ. ಮನೆಯ ತುಂಬ ಮಕ್ಕಳು. ಹನ್ನೆರಡು ಮಂದಿಯಲ್ಲಿ ಈತ ಒಂಬತ್ತನೆಯವನು. ಆತನ ಹೆಸರು ಕೇಳಿದೊಡನೆ ಗಿಡಮರಗಳಿಗೆಲ್ಲ ಹೆಸರಿಟ್ಟು ವರ್ಗೀಕರಿಸಿದ ಸ್ವೀಡನ್ ದೇಶದ ಸಸ್ಯವಿಜ್ಞಾನಿಯ ನೆನಪಾಗುತ್ತದೆ. ಮುಂದೆ ಈತನೂ ತಾನು ಕಂಡ ಕಲ್ಲುಕಟ್ಟಡಗಳಿಗೆಲ್ಲ ಕ್ರಮಸಂಖ್ಯೆಯನ್ನೂ ಹೆಸರನ್ನೂ ಕೊಟ್ಟು ಜೋಡಿಸಿಟ್ಟನೆಂಬುದನ್ನು ನೆನೆದರೆ ಆ ಹೆಸರು ಅನ್ವರ್ಥವಾಯಿತೆಂದೇ ಹೇಳಬೇಕು. ಹದಿಹರೆಯದಲ್ಲಿಯೇ, 1838ರ ಸುಮಾರಿಗೆ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿ ಭಾರತಕ್ಕೆ ಹಡಗು ಹತ್ತಿದನು. ಮುಂದಿನ ಹನ್ನೊಂದು ಹನ್ನೆರಡು ವರ್ಷ ಸಾಮಾನ್ಯ ಸೈನ್ಯಾಧಿಕಾರಿಯ ಬಾಳು. ಅದರಲ್ಲಿ ವಿಶೇಷವಾಗಿ ಹೇಳತಕ್ಕದ್ದೇನೂ ಇಲ್ಲ.

ಆ ನಡುವೆ ಯೂರೋಪಿನಲ್ಲಿ ಒಂದು ಅಚ್ಚರಿ ನಡೆದಿತ್ತು. 1839ರಲ್ಲಿ ಫ್ರಾನ್ಸಿನ ಡಾಗೇರನು ಬೆಳ್ಳಿಯ ತಗಡಿನ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ವಿಧಾನವನ್ನು ಜಗತ್ತಿಗೆ ತೋರಿಸಿದನು. ಅದಾದ ಎರಡು ವರ್ಷಕ್ಕೆ ಇಂಗ್ಲೆಂಡಿನ ಟಾಲ್ಬಟನು ಕಾಗದದ ಮೇಲೆ ಅದೇ ಕೆಲಸವನ್ನು ಮಾಡುವ ತನ್ನ ವಿಧಾನಕ್ಕೆ ಹಕ್ಕುಪತ್ರ ಪಡೆದನು. ತಗಡಿನ ಚಿತ್ರ ಒಂದೇ ಒಂದು; ಕಾಗದದ ಚಿತ್ರವಾದರೋ ಮೊದಲು ಕಪ್ಪುಬಿಳುಪು ತಿರುವುಮುರುವಾದ ನೆಗೆಟಿವ್, ಆಮೇಲೆ ಅದರಿಂದ ಬೇಕಾದಷ್ಟು ಪ್ರತಿಗಳು. ಓಲೆಗರಿಯಿಂದ ಅಚ್ಚಿನ ಮೊಳೆಗೆ ಬಂದಾಗ ಸಾಹಿತ್ಯಕ್ಕೆ ಆದುದೇ ಇಲ್ಲಿ ಚಿತ್ರಕ್ಕೆ ಆಯಿತು. 1851ರ ಸುಮಾರಿಗೆ ರಜೆಯ ಮೇಲೆ ಊರಿಗೆ ಹೋದ ಟ್ರೈಪನು ಈ ವಿದ್ಯೆಯನ್ನು ಕಲಿತನು. 1853ರಲ್ಲಿ ಲಂಡನ್ನಿನಲ್ಲಿ ಛಾಯಾಚಿತ್ರ ಸಂಘ ಹುಟ್ಟಿದ ವರ್ಷದಲ್ಲಿಯೇ ಅದಕ್ಕೆ ಸದಸ್ಯನಾದನು. ಡೆವನ್‌ಪೋರ್ಟಿನ ಹಡಗುಕಟ್ಟೆ, ದುರಸ್ತಿಗೆ ನಿಂತ ದೊಡ್ಡ ಹಡಗುಗಳು ಆತನ ಮೊದಲ ವಸ್ತುಗಳಾದುವು. ನೀರಿನ ಅಂಚಿನಲ್ಲಿ ಹುಟ್ಟಿದವನ ಕಣ್ಣು ಮೊದಲು ನೀರಿನ ಅಂಚಿಗೇ ಹೊರಳಿದ್ದು ಸಹಜವೇ.

1854ರಲ್ಲಿ ಆತನು ಭಾರತಕ್ಕೆ ಮರಳಿದನು. ನೆಲೆಸಿದ್ದು ಬೆಂಗಳೂರಿನ ದಂಡಿನಲ್ಲಿ. ಮಾರ್ಕ್ ಕಬ್ಬನ್ನನು ಮೈಸೂರಿನ ಕಮಿಷನರಾಗಿ, ಬೇಸಗೆಯಲ್ಲಿ ನಮ್ಮ ನಂದಿಬೆಟ್ಟದ ಮೇಲಣ ಮನೆಯಲ್ಲಿ ತಂಗುತ್ತಿದ್ದ ಕಾಲವದು. ಆ ವರ್ಷದ ಡಿಸೆಂಬರಿನಲ್ಲಿ ಟ್ರೈಪನು ತನ್ನ ಸಲಕರಣೆಗಳನ್ನು ಕಟ್ಟಿಕೊಂಡು ಹಳೇಬೀಡಿಗೂ ಬೇಲೂರಿಗೂ ಹೊರಟನು.

ಸಲಕರಣೆಯೆಂದರೆ ಇಂದಿನಂತೆ ಅಂಗೈಯಲ್ಲಿ ಅಡಗುವ ವಸ್ತುವಲ್ಲ. ಒಂದಡಿಗೂ ಮಿಕ್ಕಿದ ಅಗಲದ ಕಾಗದ ಹಿಡಿಸುವ ಮರದ ಪೆಟ್ಟಿಗೆ, ಅದಕ್ಕೊಂದು ಮುಕ್ಕಾಲಿ, ರಸಾಯನಗಳ ಸೀಸೆಗಳು, ತಟ್ಟೆಗಳು, ಕತ್ತಲೆಗಾಗಿ ಗುಡಾರ. ವಿಧಾನವನ್ನು ಸ್ವಲ್ಪ ವಿವರಿಸುತ್ತೇನೆ, ವಾಚಕರು ಬೇಸರಪಡಬಾರದು. ಒಳ್ಳೆಯ ಕಾಗದಕ್ಕೆ ಮೊದಲು ಜೇನುಮೇಣವನ್ನು ಊಡಿಸಿ ಅದನ್ನು ಪಾರಭಾಸಕವಾಗಿ ಮಾಡಬೇಕು. ಬಳಿಕ ಅದನ್ನು ಅಯೋಡಿನ್ನಿನ ಲವಣದಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಕತ್ತಲೆಯಲ್ಲಿ ಬೆಳ್ಳಿಯ ದ್ರಾವಣದ ಮೇಲೆ ತೇಲಿಸಬೇಕು. ಆಗ ಆ ಕಾಗದಕ್ಕೆ ಬೆಳಕನ್ನು ಅರಿಯುವ ಶಕ್ತಿ ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು, ಗಾಜಿನ ಕಣ್ಣು ತೆರೆದು, ಹಲವು ನಿಮಿಷ ಕಾಯಬೇಕು. ಮತ್ತೆ ಕತ್ತಲೆಗೆ ಒಯ್ದು ಮಾಚಿಕಾಯಿಯಿಂದ ತೆಗೆದ ಆಮ್ಲದಲ್ಲಿ ಚಿತ್ರವನ್ನು ಅರಳಿಸಬೇಕು. ಕಡೆಗೆ ಅದನ್ನು ಸ್ಥಿರಗೊಳಿಸಿ ತಿಳಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ನೀರು ಕೆಟ್ಟರೆ ಚಿತ್ರ ಕೆಟ್ಟಿತು. ಬಿಸಿಲು ಹೆಚ್ಚಾದರೆ ಮೇಣ ಕರಗಿತು. ಒಂದು ಧೂಳಿನ ಕಣ ಬಿದ್ದರೆ ಗೋಪುರದ ಮೇಲೊಂದು ಕಲೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಿಡ್ಲಘಟ್ಟದ ರೇಷ್ಮೆಯ ಮನೆಗಳು. ಹುಳು ಮಲಗುವ ಹೊತ್ತಿಗೆ ಅಲ್ಲಿಯೂ ಬೆಳಕು ಮಂದವಾಗಬೇಕು, ಸದ್ದು ಅಡಗಬೇಕು, ಕಾವು ಅಳತೆ ಮೀರಬಾರದು. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚುವ ಕೈಗೆ ನೀರಿನ ಹದ ಗೊತ್ತಿರಬೇಕು. ಒಂದು ದಿನದ ಅಲಕ್ಷ್ಯ ಒಂದು ತಿಂಗಳ ದುಡಿಮೆಯನ್ನು ಮಣ್ಣುಮಾಡುತ್ತದೆ. ಅಂಥ ತಾಳ್ಮೆಯನ್ನು ಬಲ್ಲ ನಮ್ಮ ಕಡೆಯ ಜನಕ್ಕೆ ಟ್ರೈಪನ ಶ್ರಮ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಪಾಡು ಪಟ್ಟರೂ ಆ ಕಾಗದದ ಕಣ್ಣು ಅರೆಗಣ್ಣು. ಅದು ನೀಲಿಯನ್ನು ಬಲ್ಲದು. ಹಸುರನ್ನೂ ಕೆಂಪನ್ನೂ ಅರಿಯದು. ಆದಕಾರಣ ಮರಗಳು ಕಪ್ಪು ಮುದ್ದೆಗಳಾಗುತ್ತಿದ್ದುವು, ಕೆಮ್ಮಣ್ಣು ಕಾಡಿಗೆಯಾಗುತ್ತಿತ್ತು, ಆಕಾಶ ಮಾತ್ರ ಅತಿಯಾಗಿ ಬೆಳಗಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದುವು. ನಂದಿಬೆಟ್ಟದಲ್ಲಿ ನನಗಾದ ನಿರಾಶೆ ನೂರೆಪ್ಪತ್ತು ವರ್ಷಗಳ ಹಿಂದೆ ಈತನಿಗೆ ನಿತ್ಯದ ಅನುಭವವಾಗಿತ್ತು. ಚಲಿಸುವುದೊಂದೂ ಆ ಕಾಗದದಲ್ಲಿ ನಿಲ್ಲುತ್ತಿರಲಿಲ್ಲ. ನಡೆದುಹೋದ ಮನುಷ್ಯ ಮಾಯವಾಗುತ್ತಿದ್ದನು. ಅಲೆಯಾಡುವ ನೀರು ಅಲೆಗಳನ್ನು ಕಳೆದುಕೊಂಡು ಮಂಜಿನ ಹಾಸಾಗುತ್ತಿತ್ತು. ನಿಂತ ನೀರು, ನಿಂತ ಕಲ್ಲು, ನಿಂತ ಬೆಳಕು ಇವು ಮೂರೇ ಅದಕ್ಕೆ ದಕ್ಕುತ್ತಿದ್ದ ವಸ್ತುಗಳು. ಟ್ರೈಪನ ದೊಡ್ಡತನವೆಂದರೆ, ಈ ಮಿತಿಯನ್ನು ಗೊಣಗದೆ ಒಪ್ಪಿಕೊಂಡು, ಅದಕ್ಕೆ ತಕ್ಕ ನೋಟಗಳನ್ನೇ ಆರಿಸಿಕೊಂಡದ್ದು. ಯಾವ ಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದು ಶಿಲೆಯ ಉಬ್ಬುತಗ್ಗುಗಳನ್ನು ತೋರಿಸುವುದೋ ಆ ಹೊತ್ತನ್ನು ಕಾದು ಚಿತ್ರ ತೆಗೆದ ಜಾಣ್ಮೆ ಅವುಗಳಲ್ಲಿ ಎದ್ದು ಕಾಣುತ್ತದೆ.

ಆ ಪ್ರವಾಸದಲ್ಲಿ ತೆಗೆದ 68 ಚಿತ್ರಗಳನ್ನು ಆತನು 1855ರ ಫೆಬ್ರವರಿಯಲ್ಲಿ ಮದರಾಸಿನ ಪ್ರದರ್ಶನದಲ್ಲಿ ಇಟ್ಟನು. ಪರೀಕ್ಷಕರು ಬಹುವಾಗಿ ಮೆಚ್ಚಿದರು. ಕಾಲವೂ ಅನುಕೂಲವಾಗಿತ್ತು. ಭಾರತದ ಹಳೆಯ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಯಿಸುವುದಕ್ಕಿಂತ ಛಾಯಾಚಿತ್ರ ತೆಗೆಯಿಸುವುದು ಅಗ್ಗ, ಅಲ್ಲದೆ ಹೆಚ್ಚು ನಂಬಿಕೆಗೆ ತಕ್ಕದ್ದು ಎಂಬ ಅಭಿಪ್ರಾಯಕ್ಕೆ ಕಂಪನಿಯ ನಿರ್ದೇಶಕರು ಆ ಹೊತ್ತಿಗೆ ಬಂದಿದ್ದರು. ಹೊಯ್ಸಳ ಶಿಲ್ಪಿಗಳ ಕೈಕೆಲಸವೇ ಟ್ರೈಪನಿಗೆ ಮುಂದಿನ ಬಾಗಿಲನ್ನು ತೆರೆಯಿತೆಂದು ಹೇಳಿದರೆ ತಪ್ಪಾಗದು.

ಆ ಬಾಗಿಲು ತೆರೆದದ್ದು ಬರ್ಮಾ ದೇಶದ ಕಡೆಗೆ. 1852ರ ಯುದ್ಧದಲ್ಲಿ ಕೆಳಗಣ ಬರ್ಮಾವನ್ನು ನುಂಗಿದ ಇಂಗ್ಲಿಷರಿಗೆ ಅಲ್ಲಿಯ ಅರಸ ಮಿಂಡಾನನಿಂದ ಒಂದು ಒಪ್ಪಂದ ಬೇಕಾಗಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯು ಆರ್ಥರ್ ಫೇರನ ಮುಖಂಡತ್ವದಲ್ಲಿ 1855ರ ಆಗಸ್ಟಿನಲ್ಲಿ ಒಂದು ನಿಯೋಗವನ್ನು ಐರಾವತಿ ನದಿಯ ಮೇಲೆ ಕಳುಹಿಸಿದನು. ಹೆನ್ರಿ ಯೂಲನು ಅದರ ಕಾರ್ಯದರ್ಶಿ, ಕೋಲ್ಸ್‌ವರ್ದಿ ಗ್ರಾಂಟನು ಚಿತ್ರಕಾರ, ಟ್ರೈಪನು ಛಾಯಾಗ್ರಾಹಕ. ಅರಸನು ಮರ್ಯಾದೆಯಿಂದ ಬರಮಾಡಿಕೊಂಡು, ಉಡುಗೊರೆ ಕೊಟ್ಟು, ಒಪ್ಪಂದಕ್ಕೆ ಮಾತ್ರ ರುಜು ಹಾಕದೆ ಕಳುಹಿಸಿದನು. ರಾಜಕಾರಣದ ದೃಷ್ಟಿಯಿಂದ ನಿಯೋಗ ಬರಿಗೈಯಲ್ಲಿ ಮರಳಿತು. ಉಳಿದದ್ದು ಯೂಲನ ಗ್ರಂಥ, ಗ್ರಾಂಟನ ವರ್ಣಚಿತ್ರ, ಟ್ರೈಪನ ಬೆಳಕುಚಿತ್ರ.

ಅದು ಮಳೆಗಾಲ. ಮಳೆ, ಕಾಯಿಲೆಗಳ ಉಪದ್ರವ ಕಳೆದು ಆತನಿಗೆ ಕೆಲಸಕ್ಕೆ ದೊರಕಿದ್ದು 36 ದಿನಗಳು ಮಾತ್ರ. ಅಷ್ಟರಲ್ಲಿಯೇ ಇನ್ನೂರಕ್ಕೂ ಮಿಕ್ಕಿ ನೆಗೆಟಿವ್‌ಗಳನ್ನು ಮಾಡಿದನು. ಪ್ರೋಮ್, ಪಗಾನ್, ಸಗೈಂಗ್, ಅಮರಾಪುರ, ರಂಗೂನ್ ಹೀಗೆ ನದಿಯುದ್ದಕ್ಕೂ ಕಂಡ ಪಗೋಡಗಳು, ವಿಹಾರಗಳು, ಬೀದಿಗಳು. ಅವುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ಚಿತ್ರವನ್ನು ಮಾತ್ರ ಹೇಳುತ್ತೇನೆ. ಅದು ಅಮರಾಪುರದ ಸರೋವರದ ಮೇಲಣ ಮರದ ಸೇತುವೆ. ನೀರಿನೊಳಗಿಂದ ಎದ್ದ ಸಾಲುಸಾಲು ಕಂಬಗಳು, ಅವುಗಳ ಮೇಲೆ ಸಣ್ಣಗೆ ಎಳೆದ ಗೆರೆಯಂಥ ದಾರಿ. ಅಷ್ಟೇ. ನೋಡುತ್ತ ಕುಳಿತರೆ ಗಾಳಿ ನಿಂತುಹೋದ ಅನುಭವವಾಗುತ್ತದೆ. ಅಮರಾಪುರ ಆಗ ರಾಜಧಾನಿ; ಎರಡು ವರ್ಷ ಕಳೆಯುವುದರೊಳಗೆ ಅರಸನು ಹೊಸ ರಾಜಧಾನಿಯಾಗಿ ಮಾಂಡಲೆಯನ್ನು ಕಟ್ಟತೊಡಗಿದನು. ಹಳೆಯ ಅರಮನೆಯ ಮರಮುಟ್ಟನ್ನು ಬಿಚ್ಚಿ ಅಲ್ಲಿಗೆ ಸಾಗಿಸಿದರು. ಟ್ರೈಪನು ಚಿತ್ರ ತೆಗೆಯುವಾಗ ಆ ಪಟ್ಟಣಕ್ಕೆ ಬಾಳಿದ್ದುದು ಇನ್ನು ಎರಡೇ ವರ್ಷ. ಅದು ಆತನಿಗೂ ತಿಳಿಯದು, ಊರವರಿಗೂ ತಿಳಿಯದು. ಸೇತುವೆ ಮಾತ್ರ ಇಂದಿಗೂ ಇದೆ.

ಬೆಂಗಳೂರಿಗೆ ಮರಳಿದ ಮೇಲೆ ಇನ್ನೊಂದು ತಪಸ್ಸು ಆರಂಭವಾಯಿತು. ಆಯ್ದ 120 ಚಿತ್ರಗಳನ್ನು ತಲಾ 50 ಪ್ರತಿಗಳಂತೆ ಮುದ್ರಿಸಿ ಸರಕಾರಕ್ಕೆ ಕೊಡಬೇಕಾಗಿತ್ತು. ಎಂದರೆ ಆರು ಸಾವಿರ ಪ್ರತಿಗಳು. ಒಂದೊಂದನ್ನೂ ಬಿಸಿಲಿಗಿಟ್ಟು, ಬಣ್ಣ ಹದಕ್ಕೆ ಬಂದೊಡನೆ ತೆಗೆದು, ತೊಳೆದು, ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ, ಹೆಸರು ಬರೆದು ಮುಗಿಸುವಷ್ಟರಲ್ಲಿ ವರ್ಷ ಕಳೆದು 1857 ಬಂದಿತು. ಈ ಕೆಲಸದಲ್ಲಿ ನಮ್ಮ ಜನರ ಕೈಗಳೂ ಆತನಿಗೆ ನೆರವಾದುವು. ಚಿತ್ರಗಳ ಮೇಲೆ ಅವರ ಗುರುತು ಇಲ್ಲ. ಹಳೇಬೀಡಿನ ಶಿಲ್ಪಿಗಳಲ್ಲಿ ಕೆಲವರಾದರೂ ತಮ್ಮ ವಿಗ್ರಹಗಳ ಪೀಠದ ಮೇಲೆ ಹೆಸರು ಕೆತ್ತಿ ಹೋದರು. ಬೆಳಕಿನ ಈ ಕೂಲಿಗಳಿಗೆ ಅಷ್ಟು ಭಾಗ್ಯವೂ ಇಲ್ಲವಾಯಿತು.

ಇದೇ ಚಿತ್ರಗಳಲ್ಲಿ ಟ್ರೈಪನು ಮಾಡಿದ ಒಂದು ಕೈಚಳಕವಿದೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದ್ದು. ಆಕಾಶ ಬರಿದಾಗಿ ಬರುತ್ತಿತ್ತೆಂದು ಹೇಳಿದೆನಷ್ಟೆ. ಆತನು ನೆಗೆಟಿವಿನ ಮೇಲೆ ಕುಂಚದಿಂದ ತೆಳುವಾಗಿ ಬಣ್ಣ ಹಚ್ಚಿದನು. ಬಣ್ಣ ಹಚ್ಚಿದೆಡೆಯಲ್ಲಿ ಬೆಳಕು ತಡೆದು ಮುದ್ರಣದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಹೀಗೆ ಮೋಡಗಳನ್ನು ಮೂಡಿಸಿದನು. ಕಪ್ಪು ಮುದ್ದೆಯಾಗಿದ್ದ ಮರಗಳಲ್ಲಿ ಎಲೆಗಳ ಮೇಲಣ ಬಿಸಿಲನ್ನು ಮೂಡಿಸಿದನು. ಇದು ಸುಳ್ಳಲ್ಲವೆ? ಸಾಕ್ಷಿಗಾಗಿ ತೆಗೆದ ಚಿತ್ರದಲ್ಲಿ ಕೈಯಿಂದ ಬರೆದ ಮೋಡಕ್ಕೆ ಏನು ಹಕ್ಕು? ನಾನು ಈ ಪ್ರಶ್ನೆಯನ್ನು ಬಹಳ ದಿನ ಯೋಚಿಸಿದೆನು. ನಮ್ಮ ಆಲಂಕಾರಿಕರು ಲೋಕದ ವಸ್ತುವಿಗೂ ಕಾವ್ಯದ ವಿಭಾವಕ್ಕೂ ಭೇದವನ್ನು ಹೇಳಿದ್ದಾರೆ. ಕವಿಯು ಲೋಕದಲ್ಲಿ ಇಲ್ಲದ್ದನ್ನು ಸೇರಿಸುವುದಿಲ್ಲ. ಲೋಕವನ್ನು ಕಂಡಾಗ ಹುಟ್ಟಿದ ಭಾವ ಓದುಗನಲ್ಲಿಯೂ ಹುಟ್ಟುವಂತೆ ವಸ್ತುವನ್ನು ಅಣಿಗೊಳಿಸುತ್ತಾನೆ. ಮೋಡ ಆ ದಿನ ಆಕಾಶದಲ್ಲಿ ಇತ್ತು. ಕಾಣಲಾರದೆ ಹೋದದ್ದು ಕಾಗದ. ಕಂಡವನು ಕಂಡದ್ದನ್ನು ಕಾಗದಕ್ಕೆ ಮರಳಿ ಹೇಳಿಕೊಟ್ಟನು. ಆದರೆ ಗೋಪುರದ ಒಂದು ಕಲ್ಲನ್ನೂ ಆತ ಹಾಗೆ ಹೇಳಿಕೊಡಲು ಹೋಗಲಿಲ್ಲ. ಮುರಿದ ಮೂಗನ್ನು ಸರಿಪಡಿಸಲಿಲ್ಲ, ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸಲಿಲ್ಲ. ಬೆಳಕಿನ ವಿಷಯದಲ್ಲಿ ಕವಿಯಾಗಿ, ಕಲ್ಲಿನ ವಿಷಯದಲ್ಲಿ ಶಾಸನಕಾರನಾಗಿ ನಡೆದುಕೊಂಡ ಈ ವಿವೇಕ ನನಗೆ ಒಪ್ಪಿಗೆಯಾಯಿತು. ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ. ಆ ಹುಡುಗಿ ಅರ್ಧ ಒಪ್ಪಿದಳು, ಅರ್ಧ ಒಪ್ಪಲಿಲ್ಲ. ಅದೂ ಸರಿಯೇ.

1856ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸನು ಟ್ರೈಪನನ್ನು ಆ ಪ್ರಾಂತದ ಸರಕಾರಿ ಛಾಯಾಗ್ರಾಹಕನಾಗಿ ನೇಮಿಸಿದನು. ಉತ್ತರದಲ್ಲಿ ದಂಗೆಯ ಬೆಂಕಿ ಇನ್ನೂ ಆರದಿದ್ದ 1857ರ ಡಿಸೆಂಬರಿನಲ್ಲಿ ಆತನ ಎತ್ತಿನ ಗಾಡಿಗಳು ದಕ್ಷಿಣದ ದಾರಿ ಹಿಡಿದುವು. ರಾಯಕೋಟೆ, ಸೇಲಂ ಸೀಮೆ, ಶ್ರೀರಂಗ, ತಿರುಚಿನಾಪಳ್ಳಿ, ಮಧುರೆ, ಪುದುಕೋಟೆ, ತಂಜಾವೂರು. 1858ರ ಬೇಸಗೆಯ ಹೊತ್ತಿಗೆ ಪ್ರವಾಸ ಮುಗಿಯಿತು. ಅದೇ ವರ್ಷ ಚಿತ್ರಗಳು ಸಂಪುಟಗಳಾಗಿ ಹೊರಬಂದುವು.

ರಾಯಕೋಟೆ ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಹೊಸೂರು, ಡೆಂಕಣಿಕೋಟೆಗಳ ಸುತ್ತಿನ ಆ ಸೀಮೆಯಲ್ಲಿ ಕನ್ನಡ ಇಂದಿಗೂ ಮನೆಮಾತು. ಬಯಲಿನ ನಡುವೆ ಥಟ್ಟನೆ ಎದ್ದುನಿಂತ ಬೋಳುಬಂಡೆ, ಅದರ ನೆತ್ತಿಯಲ್ಲಿ ಕೋಟೆ. ಈ ಚಿತ್ರಗಳನ್ನು ಕಂಡಾಗ ನಾನು ಬೆಚ್ಚಿದೆನು. ಏಕೆಂದರೆ ಅದು ನಮ್ಮದೇ ನೆಲದ ಮುಖ. ಚಿಂತಾಮಣಿಯ ಬಳಿಯ ಅಂಬಾಜಿದುರ್ಗ, ರಹಮಾನ್‌ಗಡಗಳನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ರಾಯಕೋಟೆಯೂ ನಂದಿದುರ್ಗವೂ ಇಂಗ್ಲಿಷರ ಕೈಗೆ ಬಿದ್ದದ್ದು ಒಂದೇ ವರ್ಷದಲ್ಲಿ, 1791ರಲ್ಲಿ. ಗೆದ್ದವರ ಸೈನ್ಯದ ಅಧಿಕಾರಿಯೊಬ್ಬನು ಅರುವತ್ತಾರು ವರ್ಷಗಳ ಬಳಿಕ ಕ್ಯಾಮರಾ ಹಿಡಿದು ಆ ಬಂಡೆಯ ಬುಡದಲ್ಲಿ ನಿಂತನು. ಈ ಚಿತ್ರಗಳಲ್ಲಿ ಗೆದ್ದವನ ದೃಷ್ಟಿ ಇಲ್ಲವೆನ್ನಲಾಗದು. ಯಾವ ನಾಡನ್ನು ಆಳಬೇಕೋ ಅದರ ಕೋಟೆ, ದಾರಿ, ಸೇತುವೆ, ದೇವಾಲಯಗಳ ಲೆಕ್ಕವನ್ನು ಇಟ್ಟುಕೊಳ್ಳುವುದು ಆಳುವವರ ಪದ್ಧತಿ. ಆ ಲೆಕ್ಕಪುಸ್ತಕದ ಒಂದು ಹಾಳೆಯೇ ಈ ಸಂಪುಟಗಳು. ಅವುಗಳಲ್ಲಿ ಜನರು ಬಲು ಅಪರೂಪ. ಚಲಿಸುವವರು ಚಿತ್ರದಲ್ಲಿ ನಿಲ್ಲರೆಂಬುದು ಒಂದು ಕಾರಣ. ಜನರನ್ನು ಬಿಟ್ಟು ಕಲ್ಲನ್ನು ನೋಡುವ ಅಭ್ಯಾಸ ಇನ್ನೊಂದು ಕಾರಣವಿರಬಹುದು. ಇದನ್ನು ಮರೆತು ಕೇವಲ ಹೊಗಳುವುದು ಸರಿಯಲ್ಲ. ಇದನ್ನೇ ಹಿಡಿದು ಆತನ ಕಲೆಯನ್ನು ತಳ್ಳಿಹಾಕುವುದೂ ಸರಿಯಲ್ಲ.

ಮಧುರೆಯಲ್ಲಿ ಆತನು ತೆಪ್ಪಕುಳದ ಚಿತ್ರ ತೆಗೆದನು: ವಿಶಾಲವಾದ ಕೊಳ, ನಡುಗಡ್ಡೆಯ ಮೇಲೆ ಮಂಟಪ. ವೈಗೈ ನದಿಯ ಮೇಲಣ ದಾರಿಯನ್ನೂ, ಮಲಗಿದ ಆನೆಯಂತೆ ಕಾಣುವ ಯಾನೈಮಲೆಯನ್ನೂ ತೆಗೆದನು. ಆದರೆ ಎಲ್ಲಕ್ಕಿಂತ ಸಾಹಸದ ಕೆಲಸ ತಂಜಾವೂರಿನ ಬೃಹದೀಶ್ವರ ದೇವಾಲಯದ್ದು. ಅದರ ವಿಮಾನದ ಅಡಿಪಟ್ಟಿಕೆಯಲ್ಲಿ ಉದ್ದಕ್ಕೂ ಚೋಳರ ಶಾಸನವಿದೆ. ಕ್ಯಾಮರಾವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ, ತುಂಡುತುಂಡಾಗಿ ತೆಗೆದು, 21 ಮುದ್ರಣಗಳನ್ನು ಒಂದಕ್ಕೊಂದು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಸುರುಳಿಯಾಗಿ ಮಾಡಿದನು. ಓದಲು ಬಾರದ ಲಿಪಿಯನ್ನು ಒಬ್ಬ ಸಿಪಾಯಿ ಅಷ್ಟು ಶ್ರದ್ಧೆಯಿಂದ ಅಕ್ಷರ ಬಿಡದೆ ನಕಲು ಮಾಡಿಕೊಂಡನೆಂಬುದು ಸಣ್ಣ ಮಾತಲ್ಲ. ರೈಸ್ ಸಾಹೇಬರ ಶಾಸನ ಸಂಪುಟಗಳು ಕನ್ನಡದಲ್ಲಿ ಹೊರಬರಲು ಆರಂಭವಾದುದು 1886ರಲ್ಲಿ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಸನಗಳನ್ನೊಳಗೊಂಡ ಕೋಲಾರದ ಸಂಪುಟ 1905ರದು. ಅದಕ್ಕೆ ಎಷ್ಟೋ ವರ್ಷ ಮೊದಲೇ ಶಾಸನವನ್ನು ಬೆಳಕಿನಿಂದ ಪಡಿಯಚ್ಚು ತೆಗೆಯಬಹುದೆಂದು ಟ್ರೈಪನು ತೋರಿಸಿಕೊಟ್ಟಿದ್ದನು.

ಇಷ್ಟು ಏರಿದ ಕೆಲಸ ಒಂದೇ ಆಜ್ಞೆಯಿಂದ ನಿಂತುಹೋಯಿತು. 1859ರಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಮದರಾಸಿಗೆ ಗವರ್ನರಾಗಿ ಬಂದನು. ದಂಗೆಯ ವೆಚ್ಚದಿಂದ ಬೊಕ್ಕಸ ಬರಿದಾಗಿತ್ತು. ಎಲ್ಲೆಲ್ಲಿ ಉಳಿತಾಯ ಸಾಧ್ಯವೆಂದು ಹುಡುಕುತ್ತಿದ್ದವನ ಕಣ್ಣಿಗೆ ಛಾಯಾಚಿತ್ರ ಇಲಾಖೆ ದುಂದುಗಾರಿಕೆಯಾಗಿ ಕಂಡಿತು. ಕೆಲಸವನ್ನು ನಿಲ್ಲಿಸಲು ಆಜ್ಞೆಯಾಯಿತು. 1860ರ ಹೊತ್ತಿಗೆ ಎಲ್ಲವೂ ಮುಗಿಯಿತು. ಹೊಸ ತೆರಿಗೆಗಳ ವಿಷಯದಲ್ಲಿ ಮೇಲಿನ ಸರಕಾರವನ್ನು ಬಹಿರಂಗವಾಗಿ ವಿರೋಧಿಸಿದ ತಪ್ಪಿಗಾಗಿ ಅದೇ ವರ್ಷ ಟ್ರೆವೆಲಿಯನ್ನನೂ ಹಿಂದಕ್ಕೆ ಕರೆಯಲ್ಪಟ್ಟನು. ಗವರ್ನರನು ಹೋದನು, ಆಜ್ಞೆ ಉಳಿಯಿತು. ಆಗ ಟ್ರೈಪನಿಗೆ ಮೂವತ್ತೆಂಟು ವರ್ಷ. ಕೈ ಪಳಗಿದ ವಯಸ್ಸು. ಆಮೇಲೆ ಆತನು ಸೈನ್ಯದ ಕೆಲಸದಲ್ಲಿಯೇ ಮುಂದುವರಿದನು, ಪದವಿಯೂ ಏರಿತು. ಕ್ಯಾಮರಾವನ್ನು ಮಾತ್ರ ಬಹುಮಟ್ಟಿಗೆ ಮುಚ್ಚಿಟ್ಟನು. ಆತನ ನಿಜವಾದ ಕಲಾಜೀವನ 1854ರಿಂದ 1860ರವರೆಗಿನ ಆರೇ ವರ್ಷಗಳದ್ದು.

1870ರ ದಶಕದಲ್ಲಿ ನಿವೃತ್ತನಾಗಿ ಡೆವನ್‌ಪೋರ್ಟಿಗೆ ಮರಳಿದನು. ಮುಪ್ಪಿನಲ್ಲಿ ಚಿಪ್ಪು ಹವಳಗಳನ್ನು ಸಂಗ್ರಹಿಸುವುದು ಆತನ ಹವ್ಯಾಸವಾಗಿತ್ತು. ಕಡಲಂಚಿನಲ್ಲಿ ಹುಟ್ಟಿದ ಮನುಷ್ಯ ಮತ್ತೆ ಕಡಲಂಚಿಗೆ ಬಂದು, ಅಲೆ ಬಿಟ್ಟುಹೋದದ್ದನ್ನು ಆಯ್ದು ಹೆಸರಿಟ್ಟು ಜೋಡಿಸುತ್ತ ಕುಳಿತನು. 1902ರ ಮಾರ್ಚಿನಲ್ಲಿ, ಎಂಬತ್ತು ತುಂಬಲು ಒಂದು ತಿಂಗಳಿರುವಾಗ, ತೀರಿಕೊಂಡನು. ಲೋಕವು ಆತನನ್ನು ಬಹುಕಾಲ ಮರೆತಿತ್ತು. 2003ರಲ್ಲಿ ಆತನ ಚಿತ್ರಗಳ ಸಮಗ್ರ ಸೂಚಿ ಗ್ರಂಥರೂಪದಲ್ಲಿ ಬಂದಿತು. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳ ಮಹಾಸಂಗ್ರಹಾಲಯಗಳು ಆತನ ಭಾರತ ಬರ್ಮಾ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದುವು. ದುಂದೆಂದು ನಿಲ್ಲಿಸಿದ ಕೆಲಸವನ್ನು ನೋಡಲು ಜನ ನೆರೆದರು.

ಈ ಜೀವನವನ್ನು ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಕೊರಗು ಉಳಿಯಿತು. ನಂದಿಯಿಂದ ಅರುವತ್ತು ಕಿಲೋಮೀಟರು ದೂರದಲ್ಲಿ ಆತ ವರ್ಷಗಟ್ಟಲೆ ಇದ್ದನು. ಆತ ಪ್ರಕಟಿಸಿದ ಸಂಪುಟಗಳಲ್ಲಿ ನಮ್ಮ ಸೀಮೆ ಇಲ್ಲ. ನಮ್ಮದು ನದಿಗಳು ಹುಟ್ಟುವ ನೆಲ, ಆದರೆ ನದಿಗಳು ನಿಲ್ಲದ ನೆಲ. ಉತ್ತರ ದಕ್ಷಿಣ ಪಿನಾಕಿನಿಗಳು, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಲ್ಲವೂ ನಂದಿಯ ಆಸುಪಾಸಿನಲ್ಲಿ ಹುಟ್ಟಿ ಹೊರನಾಡಿಗೆ ಹರಿದುಹೋಗುತ್ತವೆ. ಆದುದರಿಂದಲೇ ನಮ್ಮ ಹಿರಿಯರು ಊರಿಗೊಂದು ಕೆರೆ ಕಟ್ಟಿದರು. ಕೆರೆ ಕಟ್ಟಿದವರಿಗೂ ಕಾಯುವವರಿಗೂ ಬಿತ್ತುವಟ್ಟ, ಕಟ್ಟುಕೊಡಗೆಗಳೆಂದು ಭೂಮಿ ಬಿಟ್ಟು ಕಲ್ಲಿನ ಮೇಲೆ ಬರೆಯಿಸಿದರು. ಆ ಶಾಸನಗಳನ್ನು ನಾನು ಪ್ರತಿ ವರ್ಷ ಪಾಠ ಹೇಳುತ್ತೇನೆ. ಆದರೆ ಆ ಕೆರೆಗಳು ತುಂಬಿ ನಿಂತಾಗ ಹೇಗಿದ್ದುವೆಂದು ತೋರಿಸಲು ನನ್ನ ಬಳಿ ಒಂದು ಹಳೆಯ ಚಿತ್ರವಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯ ಕೆರೆ ನಾನು ಬಾಲಕನಾಗಿದ್ದಾಗ ಕೋಡಿಬಿದ್ದದ್ದು ನೆನಪಿದೆ. ಹೆಂಗಸರು ಗಂಗಮ್ಮನನ್ನು ಪೂಜಿಸಿ ದೀಪ ಬಿಟ್ಟಿದ್ದರು. ಸಂಜೆಯ ಕೆಂಪು ನೀರಿನ ಮೇಲೆ ಆ ದೀಪಗಳು ತೇಲಿದ್ದನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದ್ದೆ. ಯಾರೂ ಚಿತ್ರ ತೆಗೆಯಲಿಲ್ಲ. ಮುಂದೆ ಕೆರೆ ಒಣಗಿತು, ಅಂಗಳದ ತುಂಬ ಜಾಲಿ ಬೆಳೆಯಿತು, ಕೊಳವೆಬಾವಿಗಳು ಸಾವಿರ ಅಡಿ ದಾಟಿದುವು. ಕಾಲೇಜಿನಲ್ಲಿ ನಾನು ಆ ಸಂಜೆಯನ್ನು ವರ್ಣಿಸಿದರೆ ವಿದ್ಯಾರ್ಥಿಗಳು ಅದನ್ನು ಹಳಗನ್ನಡ ಕಾವ್ಯದ ಜಲವರ್ಣನೆಯಂತೆ ನಗುತ್ತ ಕೇಳುತ್ತಿದ್ದರು. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಬಳಸಿದ ನೀರನ್ನು ಶುದ್ಧಿಮಾಡಿ ನಮ್ಮ ಜಿಲ್ಲೆಯ ಕೆಲವು ಕೆರೆಗಳಿಗೆ ಹರಿಸುವ ಏರ್ಪಾಡು ಈಚೆಗೆ ಆಗಿದೆ. ನಮ್ಮ ಕೆರೆ ಆ ಪಟ್ಟಿಯಲ್ಲಿ ಸೇರಿಲ್ಲ.

2021ರ ನವೆಂಬರಿನಲ್ಲಿ ನಮ್ಮ ಸೀಮೆಗೆ ಅಪರೂಪದ ಮಳೆ ಹೊಯ್ಯಿತು. ಎಷ್ಟೋ ವರ್ಷಗಳ ಬಳಿಕ ನಮ್ಮ ಕೆರೆ ಕೋಡಿಬಿದ್ದಿತು. ಸುದ್ದಿ ಕೇಳಿ ಹಳೆಯ ಕ್ಯಾಮರಾದೊಡನೆ ಓಡಿದೆನು. ಈ ಸಲ ಅವಸರಪಡಲಿಲ್ಲ. ಏರಿಯ ಮೇಲೆ ಕುಳಿತು, ಗಾಳಿ ತಗ್ಗುವವರೆಗೆ, ಬಿಸಿಲು ಓರೆಯಾಗಿ ತೂಬಿನ ಕಲ್ಲನ್ನು ಮುಟ್ಟುವವರೆಗೆ ಕಾದು ಒಂದು ಚಿತ್ರ ತೆಗೆದೆ. ದೊಡ್ಡ ಚಿತ್ರವೇನಲ್ಲ, ಆಕಾಶ ಈ ಬಾರಿಯೂ ಸ್ವಲ್ಪ ಬೆಳ್ಳಗೇ ಬಂದಿತು. ಮುದ್ರಿಸಿ ತಾಯಿಗೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, ಏರಿಯ ತುದಿಯಲ್ಲಿದ್ದ ಅರಳಿಮರ ಇದರಲ್ಲಿ ಇಲ್ಲವಲ್ಲ ಎಂದರು. ಆ ಮರ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಕುಂಚ ಹಿಡಿದು ಅದನ್ನು ಬರೆದು ಸೇರಿಸುವ ಅಧಿಕಾರ ನನಗಿಲ್ಲ, ಅದು ಮೋಡವಲ್ಲ. ಟ್ರೈಪನು ಮಾಡುತ್ತಿದ್ದಂತೆ, ಚಿತ್ರದ ಕೆಳಗೆ ಕೆರೆಯ ಹೆಸರನ್ನೂ ಊರನ್ನೂ ವರ್ಷವನ್ನೂ ಬರೆದು ಇಟ್ಟಿದ್ದೇನೆ. ಹಿಂಬದಿಯಲ್ಲಿ, ಅರಳಿಮರ ಎಲ್ಲಿತ್ತೆಂಬುದನ್ನು ತಾಯಿ ಹೇಳಿದಂತೆ ಗುರುತುಮಾಡಿದ್ದೇನೆ.